ಎರಡು ಅಳತೆಯ ಮೋಟರು

ನಗೆಪಾಟಲಾಗಲು ನಾನು ಮನೆ ಬಿಟ್ಟು ಹೋಗಬೇಕಾಗಿಲ್ಲ. ಮಧುಗಿರಿಯ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತರೆ ಅದು ತಾನಾಗಿಯೇ ಒದಗಿ ಬರುತ್ತದೆ. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ಗೆ ಕೋಡ್ ಬರೆಯುವುದು ನನ್ನ ಕೆಲಸ. ಒಂದೇ ಕೋಡು ಹಲವು ಜಾತಿಯ ಯಂತ್ರಗಳಲ್ಲಿ ಓಡಬೇಕು. ಗ್ರಹಚಾರ ಇರುವುದೇ ಅಲ್ಲಿ.

೧. ಹೂವಿನ ಮೊಳ

"ಅದೇನ್ರೀ ಅಷ್ಟೊಂದು ತಲೆ ಕೆಡಿಸ್ಕೊಂಡಿದೀರ?" ಅಂದಳು ಹೆಂಡತಿ.

"ಅಂಕಿ ಇಡೋಕೆ 'ಲಾಂಗ್' ಅಂತ ಒಂದು ಅಳತೆ ಇದೆ ಕಣೆ. ಲ್ಯಾಪ್‌ಟಾಪಲ್ಲಿ ಅದಕ್ಕೆ ಎಂಟು ಬೈಟು ಜಾಗ, ಸಣ್ಣ ಯಂತ್ರದಲ್ಲಿ ನಾಲ್ಕೇ. ಹೂವಿನ ಮೊಳ ಇದ್ದಂಗೆ, ಕೈ ಬದಲಾದ್ರೆ ಅಳತೆನೂ ಬದಲು."

"ಮತ್ತೆ ಮೊಳ ಅಂತ ಯಾಕೆ ಬರೀತೀರ? ಎಲ್ಲ ಕಡೆ ಮೀಟರ್ ಅಂತಲೇ ಬರೀರಿ."

ಇದೇ ತೀರ್ಮಾನಕ್ಕೆ ಬರಲು ನಮ್ಮ ಆಫೀಸಿನವರೆಲ್ಲ ಸೇರಿ ಅರ್ಧ ದಿನ ಮೀಟಿಂಗ್ ಮಾಡಿದ್ದೆವು.

೨. ಕಾಣದ ಎಚ್ಚರಿಕೆ

ಹುರುಪಿನಿಂದ ಲಾಂಗ್ ಇದ್ದಲ್ಲೆಲ್ಲ ಎಂಟು ಬೈಟು ಅಂತಲೇ ತಿದ್ದುತ್ತಾ ಹೋದೆ. ಸಣ್ಣ ಯಂತ್ರಕ್ಕೆ ಕೋಡ್ ಸಿದ್ಧಮಾಡಿದರೆ ಪರದೆ ತುಂಬ 'ಇಲ್ಲಿ ಅಳತೆ ಹೊಂದುತ್ತಿಲ್ಲ' ಎಂಬ ಎಚ್ಚರಿಕೆಗಳು! ಸಂಜೆ ಆಫೀಸಿನ ನಮ್ಮ ಮೇಡಂ ಫೋನ್ ಮಾಡಿದರು.

"ಎಚ್ಚರಿಕೆ ಎಲ್ಲಾ ಹೋದವಾ?"

"ಹೋದವು ಮೇಡಂ."

"ಹೇಗೆ?"

"ತೋರಿಸಬೇಡ ಅಂತ ಕಂಪ್ಯೂಟರಿಗೆ ಹೇಳಿದೆ."

"ಬೆಕ್ಕೂ ಕಣ್ಣು ಮುಚ್ಕೊಂಡೇ ಹಾಲು ಕುಡಿಯೋದು. ಆದ್ರೆ ಅದು ಸಂಬಳ ಕೇಳಲ್ಲ" ಅಂದರು ಮೇಡಂ.

೩. ಅಳಿಯನ ಪೆಟ್ಟಿಗೆ

ಶಿರಾದ ಗೌಡಗೆರೆ ಕಡೆಯ ನನ್ನ ಮಾವನಿಗೆ, ಇಡೀ ದಿನ ಮನೆಯಲ್ಲಿ ಕೂರುವ ಅಳಿಯ ಮಾಡುವುದು ಕೆಲಸವೇ ಅಲ್ಲ. ಅವರ ಬಾಯಿಂದ ಒಂದು ಒಳ್ಳೆಯ ಮಾತು ಕೇಳಬೇಕೆಂದು ನನಗೆ ಬಲು ಆಸೆ. ಅದಕ್ಕೇ ಅವರ ಬೋರ್‌ವೆಲ್ ಮೋಟರು ತಾನೇ ಶುರುವಾಗಿ ತಾನೇ ನಿಲ್ಲುವಂಥ ಪೆಟ್ಟಿಗೆಯೊಂದನ್ನು ಮಾಡಿಕೊಟ್ಟೆ. ಕರೆಂಟ್ ಹೋದರೂ ಸಮಯದ ಲೆಕ್ಕ ತಪ್ಪದಿರಲಿ ಅಂತ ಬ್ಯಾಟರಿ ಬೇರೆ.

ತಿಂಗಳುಗಟ್ಟಲೆ ಚೆನ್ನಾಗಿಯೇ ನಡೆಯಿತು. ಮಾವ ಊರವರನ್ನೆಲ್ಲ ಕರೆದು ತೋರಿಸಿದರು. "ನಮ್ಮ ಅಳಿಯಂದ್ರು ಮಾಡಿದ್ದು ಕಣ್ರಲಾ! ಕೂತ್ಕಂಡೇ ಮಾಡಿದ್ದು!"

ಆ ಕೊನೆಯ ಮಾತು ಬೇಕಿರಲಿಲ್ಲ.

೪. ತಪ್ಪಿದ ಅಮಾವಾಸ್ಯೆ

ಒಂದು ಬೆಳಿಗ್ಗೆ ಮಾವನ ಫೋನು. "ಅಳಿಯಂದ್ರೇ, ಮೋಟ್ರು ನಿಂತೇ ಇಲ್ಲ! ಕಡ್ಲೇಕಾಯಿ ಹೊಲ ಕೆರೆ ಆಗ್ಬುಟ್ಟೈತೆ. ನಾನೇ ಬಂದು ಎಲ್ಲಾ ಬಿಚ್ಚಿ ಆಫ್ ಮಾಡ್ದೆ. ಬಂದ್ಬುಡಿ!"

ಬಸ್ಸು ಹಿಡಿದು ಓಡಿದೆ. ಆನ್ ಮಾಡಿ ನೋಡಿದರೆ ಪೆಟ್ಟಿಗೆ ಸಾಧುವಾಗಿ ನಡೆಯುತ್ತಿದೆ. ಬದುವಿನ ಮೇಲೆ ಅರ್ಧ ಊರು ನೆರೆದಿತ್ತು.

"ಏನಾದ್ರೂ ಬದಲಾಯಿಸಿದ್ರಾ ಮಾವ?"

"ಏನೂ ಇಲ್ಲ. ದಾಯಾದಿಗಳ ಮನೇಲಿ ಸಾವಾಗಿ ಸೂತಕ ಬಂತು ನೋಡಿ, ಹೋದ ಅಮಾಸೆ ಪೂಜೆ ತಪ್ತು, ಅಷ್ಟೇಯ."

"ಪೆಟ್ಟಿಗೆಗೆ ಪೂಜೆನಾ?"

"ಹೂಂ, ಪ್ರತಿ ಅಮಾಸೆ. ಶಾಕ್ ಹೊಡೀಬಾರ್ದು ಅಂತ ಆಫ್ ಮಾಡಿ, ಬ್ಯಾಟ್ರೀನೂ ಬಿಚ್ಚಿ, ಒರೆಸಿ, ಕುಂಕುಮ ಇಟ್ಟು, ಕಾಯಿ ಒಡ್ದು ಆನ್ ಮಾಡ್ತೀನಿ."

ಲ್ಯಾಪ್‌ಟಾಪ್ ತೆರೆದು ಕೋಡ್ ನೋಡಿದೆ. ಮೋಟರು ನಿಲ್ಲಬೇಕಾದ ಸಮಯವನ್ನು ನಾನು ಎಂಟು ಬೈಟಿನಲ್ಲಿ ಬರೆದಿದ್ದೆ. 'ಈಗ ಎಷ್ಟು ಹೊತ್ತು' ಎಂಬುದು ಮಾತ್ರ ಲಾಂಗ್ ಆಗಿಯೇ ಉಳಿದುಬಿಟ್ಟಿತ್ತು. ಪೆಟ್ಟಿಗೆಯಲ್ಲಿ ಅದು ನಾಲ್ಕೇ ಬೈಟು; ಆನ್ ಆದಾಗಿನಿಂದ ಸೆಕೆಂಡಿನ ಸಾವಿರದ ಒಂದೊಂದು ಪಾಲನ್ನೂ ಎಣಿಸುತ್ತಾ, ಒಂದೂವರೆ ತಿಂಗಳು ದಾಟಿದ ಮೇಲೆ ತುಂಬಿ ಮತ್ತೆ ಸೊನ್ನೆಯಿಂದ ಎಣಿಸುತ್ತದೆ. ಹಾಗಾಗಿ ನಿಲ್ಲುವ ಹೊತ್ತು ಬರುವುದೇ ಇಲ್ಲ. ತಿಂಗಳಿಗೊಮ್ಮೆ ಪೂಜೆಗೆಂದು ಬ್ಯಾಟರಿ ಸಮೇತ ಆಫ್ ಮಾಡುತ್ತಿದ್ದರಿಂದ ಲೆಕ್ಕ ಹೊಸದಾಗಿ ಶುರುವಾಗಿ ನನ್ನ ತಪ್ಪು ಮುಚ್ಚಿಹೋಗುತ್ತಿತ್ತು.

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಅಲ್ಲೇ ಕೂತು ಎರಡೂ ಕಡೆ ಒಂದೇ ಅಳತೆ ಮಾಡಿ, ಊರವರಿಗೆ ಕೇಳುವ ಹಾಗೆ ಹೇಳಿದೆ: "ಸರಿಹೋಯ್ತು ಮಾವ. ಇನ್ಮೇಲೆ ಪೂಜೆ ಇಲ್ಲದೇ ಇದ್ರೂ ನಡೆಯುತ್ತೆ."

ಮಾವ ಪೆಟ್ಟಿಗೆ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಅದೆಂಗಾಯ್ತದೆ ಅಳಿಯಂದ್ರೇ? ಮಾಡಿದ್ದು ನೀವು, ಸರಿ. ಇಷ್ಟು ದಿನ ನಡೆಸಿದ್ದು ನಾನಲ್ವಾ?"