ಕಲ್ಲು ಯಾರ ಕಡೆಗೆ ನೆಟ್ಟಗಿತ್ತು?

ಯಾರ ಸಲಹೆಯನ್ನೂ ಕೇಳದೆ ಬದುಕಿದವನು ನಾನು ಎಂಬ ಹೆಮ್ಮೆ ನನಗಿದೆ. ಶಾಲೆ ಬಿಡುವಾಗಲೂ ಯಾರನ್ನೂ ಕೇಳಿರಲಿಲ್ಲ. ಹೊಸಪೇಟೆಯ ಸಂಡೂರು ರಸ್ತೆಯಲ್ಲಿ ನನ್ನದೊಂದು ಪಂಕ್ಚರ್ ಅಂಗಡಿ. ಟೈರಿನ ಮೇಲೆ ಅಂಗೈ ಆಡಿಸಿದರೆ ಸಾಕು, ಮೊಳೆ ಎಲ್ಲಿದೆ ಎಂದು ಹೇಳಬಲ್ಲೆ. ಅಂಥವನು ಹೆಬ್ಬೆರಳಿನಷ್ಟು ಕಲ್ಲಿನೆದುರು ಕಕ್ಕಾಬಿಕ್ಕಿಯಾದೆ.

ಆಗ ಅದಿರಿನ ಹುಚ್ಚು ಏರಿದ್ದ ಕಾಲ. ಟಿಪ್ಪರುಗಳ ಕೆಂಧೂಳು ನನ್ನ ಚಹಾದಲ್ಲೂ ತೇಲುತ್ತಿತ್ತು. ಅಂಗಡಿ ಮಾರಿ ಟಿಪ್ಪರ್ ಕೊಳ್ಳಬೇಕೆಂದು ನನಗೆ, ಬೇಡವೆಂದು ಹೆಂಡತಿ ನೀಲಮ್ಮನಿಗೆ. ಅಷ್ಟರಲ್ಲಿ ಹಂಪಿ ನೋಡಲು ಬಂದಿದ್ದ ಫಾರಿನ್ ಹೆಂಗಸೊಬ್ಬಳು ಮೊಪೆಡ್ ಪಂಕ್ಚರ್ ಎಂದು ಅಂಗಡಿಗೆ ಬಂದಳು. ಅವಳ ಬಳಿ ಶಕುನ ಹೇಳುವ ಕಲ್ಲುಗಳ ಚೀಲ, ರೂನ್ ಎನ್ನುತ್ತಾರಂತೆ. ಟಿಪ್ಪರನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದನ್ನು ತೆಗೆದು, ನಮ್ಮಿಬ್ಬರ ಸ್ಟೂಲುಗಳ ನಡುವೆ ಟೂಲ್ ಬಾಕ್ಸಿನ ಮೇಲಿಟ್ಟೆ. ಕೋಲಿಗೆ ಬಾವುಟ ಕಟ್ಟಿ, ಕೆಳಗೊಂದು ಕಾಲು ಚಾಚಿದಂಥ ಗುರುತು. ಪ್ರಯಾಣದ ಕಲ್ಲಂತೆ: ನೆಟ್ಟಗಿದ್ದರೆ ದಾರಿ ಸುಗಮ, ತಲೆಕೆಳಗಾದರೆ ಅಡ್ಡಿ. ಅವಳಿಗೆ ನೆಟ್ಟಗಿತ್ತು, ಎದುರು ಕೂತ ನನಗೆ ತಲೆಕೆಳಗು! ಯಾವುದನ್ನು ಹಿಡಿಯಲಿ ಎಂದರೆ, ತಲೆಕೆಳಗಾದರೂ ಕೆಟ್ಟದ್ದೇನಲ್ಲ, ಇನ್ನೊಮ್ಮೆ ಯೋಚಿಸು ಎಂದರ್ಥ ಅಂತ ನಕ್ಕು, ಆ ಕಲ್ಲನ್ನು ನನಗೇ ಕೊಟ್ಟು ಹೋದಳು. ಯೋಚಿಸುವ ಕಷ್ಟ ತಪ್ಪಲಿ ಎಂದೇ ಅಲ್ಲವೆ ಮನುಷ್ಯ ಶಕುನ ಕೇಳುವುದು? ನಮ್ಮ ಗುಡಿಯಲ್ಲಿ ಹೂ ಕೇಳಿದರೆ ಈ ತೊಡಕಿಲ್ಲ. ಹೂ ಬಲಕ್ಕೆ ಬಿತ್ತೆಂದರೆ ದೇವರ ಬಲಕ್ಕೆ, ಪೂಜಾರಿ ತಕರಾರಿಗೆ ಎಡೆಗೊಡುವುದಿಲ್ಲ. ಈ ಕಲ್ಲಿಗೋ ಮುಖವೇ ಇಲ್ಲ.

ಮನೆಯಲ್ಲಿ ಶೇಂಗಾ ಸುಲಿಯುತ್ತಿದ್ದ ನೀಲಮ್ಮನ ಮುಂದೆ, ಅಂಗಡಿಯಲ್ಲಿ ಇದ್ದ ಹಾಗೆಯೇ ಕಲ್ಲನ್ನಿಟ್ಟು ವಿಷಯ ಹೇಳಿದೆ. ನನಗೆ ಮತ್ತೆ ತಲೆಕೆಳಗು. ಎದ್ದು ಹೋಗಿ ಅವಳ ಪಕ್ಕ ಕೂತೆ.

"ನೋಡು, ಈಗ ನೆಟ್ಟಗೈತಿ. ಟಿಪ್ಪರ್ ತಗೋ ಅಂತೈತಿ."

ಅವಳು ಮೊರ ಎತ್ತಿಕೊಂಡು ನಾನು ಬಿಟ್ಟ ಜಾಗಕ್ಕೆ ಹೋಗಿ ಕೂತಳು. "ನನಗ ತಲಿಕೆಳಗಾಗೇತ್ರಿ. ಬ್ಯಾಡ ಅಂತೈತಿ."

"ಏಯ್, ಎದ್ದು ಹೋದ್ರ ನಡಿಯಂಗಿಲ್ಲ!"

"ಮೊದಲ ಎದ್ದವರು ಯಾರ್ರಿ? ಕಲ್ಲು ಹೇರೋ ಗಾಡಿ ತಗೊಳ್ಳಾಕ ಕಲ್ಲನ್ನ ಕೇಳಾಕತ್ತೀರಿ. ಅದು ಇಟ್ಟಲ್ಲೇ ಐತಿ, ನೀವ ತಿರುಗಾಕತ್ತೀರಿ."

ನಾನು ಇನ್ನೊಮ್ಮೆ ಯೋಚಿಸಿದೆ. ಯೋಚಿಸುತ್ತಿರುವಾಗಲೇ ವರ್ಷಗಳು ಕಳೆದು ಗಣಿಗಳು ನಿಂತವು. ಕೊಂಡವರ ಟಿಪ್ಪರುಗಳು ರಸ್ತೆ ಬದಿಯಲ್ಲಿ ಸಾಲಾಗಿ ಮಲಗಿದವು. "ಭಾಳ ಶಾಣ್ಯಾ ನೀನು, ಯಾರನ್ನ ಕೇಳಿದ್ದಿ?" ಎನ್ನುತ್ತಾರೆ ಜನ. ಯಾರನ್ನೂ ಇಲ್ಲ ಎಂದು ಎದೆಯುಬ್ಬಿಸುತ್ತೇನೆ. ಆದರೆ ನಿಂತ ಟಿಪ್ಪರಿಗೆ ಪಂಕ್ಚರ್ ಆಗುವುದಿಲ್ಲ ನೋಡಿ. ಬೆಳಿಗ್ಗೆ ಅಂಗಡಿ ತೆರೆದು, ಇವತ್ತಾದರೂ ಒಂದು ಗಾಡಿ ಬಂದೀತೆ ಎಂದು ಕಲ್ಲನ್ನು ಉರುಳಿಸುತ್ತೇನೆ. ತಲೆಕೆಳಗಾದರೆ ಆಚೆ ಬದಿಗೆ ಹೋಗಿ ಕೂರುತ್ತೇನೆ. ಹೇಗೂ ಎದುರಿನ ಸ್ಟೂಲು ಖಾಲಿಯೇ ಇರುತ್ತದೆ.