ಕಣ್ಣಾಸ್ಪತ್ರೆಯ ವೆಬ್ ಪುಟವನ್ನು ಆಳುತ್ತಿರುವ ಟೇಬಲ್ ಮಹಾಶಯರಿಗೆ

ಮಾನ್ಯರೇ,

ಎಡದಿಂದ ಬಲಕ್ಕೂ ಮೇಲಿನಿಂದ ಕೆಳಕ್ಕೂ ಕೂದಲೆಳೆಯಷ್ಟೂ ಆಚೀಚೆ ಆಗದೆ ನಿಂತಿರುವ ತಮಗೆ, ನಮ್ಮ ಕಣ್ಣಾಸ್ಪತ್ರೆಯ ವೆಬ್ ಪುಟವನ್ನು ನೋಡಿಕೊಳ್ಳುವ ಈ ಬಡ ನೌಕರಳ ನಮಸ್ಕಾರಗಳು. ಸಾಲು-ಚೌಕಗಳ ಕೋಷ್ಟಕವಾದ ತಾವು ಹುಟ್ಟಿದ್ದು ಅಂಕಿ-ಅಂಶಗಳನ್ನು ತೋರಿಸಲೆಂದು. ಆದರೆ ಆಡಳಿತಾಧಿಕಾರಿಗಳ ಕೃಪೆಯಿಂದ ಈಗ ಇಡೀ ಪುಟವೇ ತಮ್ಮ ಚೌಕಗಳೊಳಗೆ ವಾಸವಾಗಿದೆ. ತಮ್ಮ ಹೊಟ್ಟೆಯಲ್ಲಿ ಇನ್ನೊಂದು ಟೇಬಲ್, ಅದರ ಹೊಟ್ಟೆಯಲ್ಲಿ ಮತ್ತೊಂದು. ಒಂದು ಅಲ್ಪವಿರಾಮ ತಿದ್ದಬೇಕಾದರೂ ನಾನು ಮೂರು ಬಾಗಿಲು ತಟ್ಟಬೇಕು. ತಮ್ಮ ಸಂಸಾರ ಹೀಗೆಯೇ ಬೆಳೆಯಲಿ.

ಈ ಪತ್ರಕ್ಕೆ ಕಾರಣ ನನ್ನ ಅಕ್ಕ. ಅವಳ ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದರಲ್ಲಿ ಬೆಳಕು-ನೆರಳು ತಿಳಿಯುವಷ್ಟು ದೃಷ್ಟಿ ಉಳಿದಿದೆ. ಅದನ್ನಾದರೂ ಉಳಿಸಿಕೊಳ್ಳಲು ಕಣ್ಣಿನ ಒತ್ತಡ ನೋಡುವ ವೈದ್ಯರ ಬಳಿ ತಪ್ಪದೆ ಬರಬೇಕು. ಯಾರನ್ನೂ ಕೇಳದೆ ತನ್ನ ಕೆಲಸ ತಾನೇ ಮಾಡಿಕೊಳ್ಳಬೇಕೆಂಬ ಹಟದವಳು, ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಫೋನನ್ನು ಕಿವಿಗೆ ಹಿಡಿದು ತನ್ನ ವೈದ್ಯರು ಬರುವ ವಾರ ಯಾವುದೆಂದು ಹುಡುಕಿದಳು. ತಾವು ಮೇಲಿನ ಸಾಲಿನಲ್ಲಿ ಮೂವರು ವೈದ್ಯರನ್ನೂ ಕೆಳಗಿನ ಸಾಲಿನಲ್ಲಿ ಅವರವರ ವಾರಗಳನ್ನೂ ಒಪ್ಪವಾಗಿ ಕೂರಿಸಿದ್ದೀರಿ. ಫೋನಾದರೋ ಸಾಲು ಹಿಡಿದು ಓದಿತು: ಮಕ್ಕಳ ವೈದ್ಯರು, ಪೊರೆ ತೆಗೆಯುವ ವೈದ್ಯರು, ಒತ್ತಡದ ವೈದ್ಯರು, ಮಂಗಳವಾರ, ಗುರುವಾರ, ಶನಿವಾರ. ಒತ್ತಡದ ವೈದ್ಯರ ಬೆನ್ನಿಗೇ ಮಂಗಳವಾರ ಕೇಳಿಸಿದ್ದರಿಂದ, ಶನಿವಾರ ಮನೆಯಲ್ಲೇ ಕೂತಿದ್ದ ಅಕ್ಕ ಮಂಗಳವಾರ ಆಸ್ಪತ್ರೆಗೆ ಹೊರಟಳು.

ಅಂದು ಮಧ್ಯಾಹ್ನದವರೆಗೂ ಅವಳು ಮೊಳಕಾಲೆತ್ತರದ ಕುರ್ಚಿಯ ಮೇಲೆ, ರಚ್ಚೆ ಹಿಡಿದ ಮಕ್ಕಳ ನಡುವೆ ಕೂತಿದ್ದಳಂತೆ. ಕೊನೆಗೆ ನರ್ಸ್ ಬಂದು "ಮಗು ಎಲ್ಲಮ್ಮ?" ಎಂದು ಕೇಳಿದರೆ, ಐವತ್ತು ದಾಟಿದ ನನ್ನ ಅಕ್ಕ "ನಾನೇ ಇರ್ಬೇಕು" ಎಂದಳಂತೆ. ಇದನ್ನು ಹೇಳಿಕೊಂಡು ಅವಳು ನಕ್ಕಳು; ನನಗೆ ಮಾತ್ರ ಮೈ ಉರಿಯಿತು.

ಆ ಸಿಟ್ಟಿನಲ್ಲೇ ನಾನು ತಮ್ಮನ್ನು ಬದಿಗಿಟ್ಟು ಸ್ಟೈಲ್‌ಶೀಟ್ ಎಂಬ ಬಡಪಾಯಿಗೆ ಕೆಲಸ ಕೊಟ್ಟೆ. ಅದರ ಪದ್ಧತಿಯಲ್ಲಿ ಹೇಳಬೇಕಾದ ವಿಷಯ ಒಂದು ಕಡೆ ಕ್ರಮವಾಗಿ ಇರುತ್ತದೆ, ಅದು ಹೇಗೆ ಕಾಣಬೇಕೆಂಬ ಸೂಚನೆ ಇನ್ನೊಂದು ಕಡೆ ಇರುತ್ತದೆ. ಪ್ರತಿ ವೈದ್ಯರ ಹಿಂದೆಯೇ ಅವರ ವಾರ ಬಂತು. ಅಕ್ಕ ಕೇಳಿಸಿಕೊಂಡು "ಈಗ ಮನುಷ್ಯರು ಮಾತಾಡಿದ ಹಾಗಿದೆ ಕಣೇ" ಎಂದಳು. ಆದರೆ ಆಡಳಿತಾಧಿಕಾರಿಗಳ ಹಳೆಯ ಕಂಪ್ಯೂಟರಿನಲ್ಲಿ ಮೂರನೆಯ ವೈದ್ಯರು ಒಂದು ಬೆರಳಿನಷ್ಟು ಕೆಳಗೆ ಜಾರಿಬಿಟ್ಟರು. "ಸಾಲೇ ಕೆಟ್ಟುಹೋಗಿದೆಯಲ್ಲಮ್ಮ, ನಮ್ಮದು ಕಣ್ಣಾಸ್ಪತ್ರೆ, ನೋಡೋಕೆ ಚೆನ್ನಾಗಿರ್ಬೇಡ್ವಾ" ಎಂದು ನೊಂದುಕೊಂಡ ಅವರು ಟೇಬಲ್ ಮಹಾಶಯರಾದ ತಮ್ಮನ್ನು ಸಕಲ ಮರ್ಯಾದೆಯೊಂದಿಗೆ ಮರಳಿ ಕರೆಸಿದರು. ಜಾರಿದ ವೈದ್ಯರನ್ನು ಮೇಲೆತ್ತಲು ನಾನು ಒಂದು ಸಂಜೆಯ ಬಿಡುವು ಕೇಳಿದ್ದೆ, ಅದು ಸಿಗಲಿಲ್ಲ.

ಆದ್ದರಿಂದ ತಮ್ಮಲ್ಲೇ ಬಿನ್ನಹ. ತಾವು ಹೇಗೂ ಅಲುಗಾಡುವವರಲ್ಲ. ಒತ್ತಡದ ವೈದ್ಯರನ್ನೇ ಮಂಗಳವಾರ ಬರುವಂತೆ ಮಾಡಬೇಕು. ಅದಾಗದಿದ್ದರೆ ಶನಿವಾರವನ್ನೇ ಎತ್ತಿ ಸೋಮವಾರದ ಪಕ್ಕದಲ್ಲಿ ಕೂರಿಸಬೇಕು, ಕ್ಯಾಲೆಂಡರಿನವರು ತಮಗೆ ನೆಂಟರೇ ತಾನೆ. ಅದೂ ಕಷ್ಟವಾದರೆ ಅಕ್ಕನ ಕಣ್ಣಿನ ಒತ್ತಡಕ್ಕಾದರೂ ತನ್ನ ಚೌಕ ಬಿಟ್ಟು ಮೇಲೇರದಂತೆ ಬುದ್ಧಿ ಹೇಳಬೇಕು. ಹನಿ ಔಷಧಿ ಮುಗಿದು, ಒಂದು ವಾರ ತಡವಾಗಿ ವೈದ್ಯರು ನೋಡುವ ಹೊತ್ತಿಗೆ ಅದು ಏರಿತ್ತು. ಕಿಟಕಿ ಎಲ್ಲಿದೆಯೆಂದು ಅವಳು ಈಗ ಗೋಡೆಯ ಮೇಲೆ ಕೈಯಾಡಿಸಿ ತಿಳಿಯುತ್ತಾಳೆ.

ಸಾಲು ಕೆಡಿಸಿದ ತಪ್ಪಿಗೆ ತಲೆಬಾಗಿ ನಿಂತಿರುವ,
ತಮ್ಮ ವಿಶ್ವಾಸಿ,
ಪುಟ ನೋಡಿಕೊಳ್ಳುವವಳು

ಮರೆತ ಮಾತು: ಇದೆಲ್ಲದರ ಬಗ್ಗೆ ಅಕ್ಕ ಕೊಟ್ಟ ದೂರಿಗೆ ಆಡಳಿತಾಧಿಕಾರಿಗಳು ಕೂಡಲೇ ಸ್ಪಂದಿಸಿದ್ದಾರೆ. ಇಂದಿನಿಂದ ತಮ್ಮ ನೆತ್ತಿಯ ಮೇಲೆ ಹೊಸ ಸೂಚನೆಯೊಂದು ಇರುತ್ತದೆ: 'ಕಣ್ಣು ಕಾಣದವರು ಸಹಾಯಕ್ಕಾಗಿ ಬಲಗಡೆಯ ಕೆಂಪು ಚೌಕವನ್ನು ನೋಡುವುದು.'