ಬಾವಲಿಯ ಕೈ, ನನ್ನ ಕೈ

ಒಂದು ಕಡೆ ಐದು ನಿಮಿಷ ತೆಪ್ಪಗೆ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ಕೂತರೆ ಕಾಲು ಅಲ್ಲಾಡಿಸುತ್ತೇನೆ, ನಿಂತರೆ ಜೇಬಿನ ಕೀಗೊಂಚಲನ್ನು ಝಣಝಣ ಅನ್ನಿಸುತ್ತೇನೆ. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವಾಗಲೂ ಬೋರ್ಡಿನ ಈ ತುದಿಯಿಂದ ಆ ತುದಿಗೆ ಶತಪಥ ಹಾಕುತ್ತೇನೆ. ನನ್ನನ್ನು ನೋಡಿ ನೋಡಿ ಮಕ್ಕಳಿಗೆ ಕತ್ತು ನೋವು ಬರುತ್ತದಂತೆ. ಇಂಥ ನಾನು ಕಲ್ಲಿನಂತೆ ಕೂತದ್ದು ಒಂದೇ ಸಲ, ಕಳೆದ ವಾರ, ಕುಂಬಾರಕೊಪ್ಪಲಿನ ನಮ್ಮ ಮನೆಯ ಹಾಲ್‌ನಲ್ಲಿ.

ಮುಸ್ಸಂಜೆ ದೀಪ ಹಚ್ಚಿದ ನನ್ನ ಹೆಂಡತಿ ಸರೋಜ, ಲಕ್ಷ್ಮಿ ಬರಲಿ ಎಂದು ಮುಂಬಾಗಿಲು ತೆರೆದಿಟ್ಟಳು. ಬಂದದ್ದು ಬಾವಲಿ. ಬಂದದ್ದೇ ಫ್ಯಾನಿನ ಸುತ್ತ ಗಿರಕಿ ಹೊಡೆಯತೊಡಗಿತು. ನಾನು ದಿವಾನದ ಮೂಲೆಗೆ ಸರಿದು ಕಾಲು ಮೇಲೆತ್ತಿಕೊಂಡೆ. ಸ್ವಿಚ್ಚು ಎದುರು ಗೋಡೆಯಲ್ಲಿತ್ತು.

"ಫ್ಯಾನಿಗೆ ಸಿಕ್ಕಿದ್ರೆ ಸತ್ತೋಗುತ್ತೆ ಕಣ್ರೀ. ಪಾಪ, ರೆಕ್ಕೆ ಹೆಂಗೆ ಬಡ್ಕೋತಿದೆ ನೋಡಿ. ಆಫ್ ಮಾಡ್ಬುಡಿ," ಎಂದಳು ಸರೋಜ ಅಡುಗೆಮನೆಯ ಬಾಗಿಲಿನಿಂದ.

ಅದು ಸತ್ತೀತೆಂಬ ಚಿಂತೆ ನನಗೂ ಇತ್ತು. ಆದರೆ ಏಳುವ ಧೈರ್ಯವಿಲ್ಲ. ಮೇಷ್ಟರಿಗೆ ಹೆದರಿಕೆಯಾದರೆ ಬಾಯಿಗೆ ಪಾಠ ಬರುತ್ತದೆ. "ಅದು ಬರೀ ರೆಕ್ಕೆ ಅಲ್ಲ ಕಣೇ, ಕೈ," ಎಂದು ಶುರುಮಾಡಿದೆ. ಬಾವಲಿ ಬೆರಳುಗಳನ್ನು ಉದ್ದ ಬೆಳೆಸಿಕೊಂಡು ನಡುವೆ ತೊಗಲು ಹೊದಿಸಿಕೊಂಡಿತು. ಹಕ್ಕಿ ಬೆರಳುಗಳನ್ನು ಕಳೆದುಕೊಂಡು, ಉಳಿದ ತೋಳಿಗೆ ಗರಿ ಸಿಕ್ಕಿಸಿಕೊಂಡಿತು. ಒಬ್ಬರನ್ನು ನೋಡಿ ಒಬ್ಬರು ಕಲಿತದ್ದಲ್ಲ, ಅವರವರ ದಾರಿ ಅವರವರಿಗೆ. ಇವರೆಲ್ಲರಿಗಿಂತ ಎಷ್ಟೋ ಮೊದಲೇ ಹಾರಿದ್ದು ಕೀಟಗಳು. ಅವು ಜಾಣ ಜೀವಿಗಳು, ಆರು ಕಾಲನ್ನೂ ಉಳಿಸಿಕೊಂಡು ಬೆನ್ನಿನ ಮೇಲೆ ರೆಕ್ಕೆ ಪಡೆದವು.

ನಾನು ಕೀಟಗಳಿಗೆ ಬರುವ ಹೊತ್ತಿಗೆ ಸರೋಜ ತಲೆಯ ಮೇಲೆ ಮೊರ ಇಟ್ಟುಕೊಂಡು, ಬಗ್ಗಿಕೊಂಡೇ ಹಾಲ್ ದಾಟಿ ಸ್ವಿಚ್ಚು ಒತ್ತಿದ್ದಳು. ಫ್ಯಾನು ನಿಧಾನವಾಯಿತು. ಬಾವಲಿ ಇನ್ನೊಂದು ಸುತ್ತು ಹೊಡೆದು, ಬಂದ ಬಾಗಿಲಿನಿಂದಲೇ ಹೊರಗೆ ಹೋಯಿತು.

ಮೊರ ಕೆಳಗಿಟ್ಟು ಅವಳು ಸಾವಧಾನವಾಗಿ ಹೇಳಿದಳು: "ಹಾರ್ಬೇಕು ಅಂತ ಅವು ಕೈ ಕಳ್ಕೊಂಡ್ವು, ಸರಿ. ನಿಮಗೇನಾಗಿತ್ರೀ? ಹಾರೋದೂ ಇಲ್ಲ, ಎರಡು ಕೈನೂ ಹಂಗೇ ಇದಾವಲ್ಲ."

ಮರುದಿನ ಕ್ಲಾಸಿನಲ್ಲಿ ಹಕ್ಕಿಯ ರೆಕ್ಕೆ, ಬಾವಲಿಯ ರೆಕ್ಕೆ, ಮನುಷ್ಯನ ಕೈ ಮೂರನ್ನೂ ಪಕ್ಕಪಕ್ಕದಲ್ಲಿ ಬರೆದು, ಒಳಗಿನ ಮೂಳೆಗಳು ಹೇಗೆ ಹೊಂದುತ್ತವೆ ಎಂದು ತೋರಿಸಿದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

"ಸರ್, ಅವೆರಡೂ ಹಾರಕ್ಕೆ. ಮನುಷ್ಯನ ಕೈ ಯಾತಕ್ಕೆ ಅಂತ ಬರೀಬೇಕು?"

"ಸ್ವಿಚ್ಚು ಒತ್ತಕ್ಕೆ ಅಂತ ಬರಿಯಮ್ಮ," ಎಂದೆ.

ಯಾರೂ ನಗಲಿಲ್ಲ. ಎಲ್ಲರೂ ತಲೆ ತಗ್ಗಿಸಿ ಬರೆದುಕೊಂಡರು.